ಸರಳ ಪಠ್ಯದ ರೂಪರೇಖೆ ಮತ್ತು ಪ್ಯಾನ್‌ಡಾಕ್: ಒಂದು ವಿಮರ್ಶೆ

ಪಾಠದ ಟಿಪ್ಪಣಿಯನ್ನು ಸರಳ ಪಠ್ಯವಾಗಿ ಒಮ್ಮೆ ಬರೆದಿಟ್ಟು, ಅದನ್ನೇ ಅಂತರಜಾಲ ಪುಟ, ವರ್ಡ್ ಕಡತ ಅಥವಾ ಪುಸ್ತಕದ ಪುಟವಾಗಿ ಪರಿವರ್ತಿಸಿಕೊಳ್ಳಲು ನೆರವಾಗುವ ಮುಕ್ತ ತಂತ್ರಾಂಶ ಪ್ಯಾನ್‌ಡಾಕ್. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರ ಪ್ರಾಧ್ಯಾಪಕ ಜಾನ್ ಮ್ಯಾಕ್‌ಫಾರ್ಲೇನ್ ಇದನ್ನು 2006ರಲ್ಲಿ ಬಿಡುಗಡೆ ಮಾಡಿದರು.

ಇದರ ವಿನ್ಯಾಸ ಮೆಚ್ಚತಕ್ಕದ್ದು. 10 ಬಗೆಯ ಕಡತಗಳನ್ನು 20 ಬಗೆಗಳಿಗೆ ನೇರವಾಗಿ ಪರಿವರ್ತಿಸಬೇಕಾದರೆ 200 ಪ್ರೋಗ್ರಾಮುಗಳು ಬೇಕು. ಪ್ಯಾನ್‌ಡಾಕ್ ಪ್ರತಿ ಕಡತವನ್ನೂ ಮೊದಲು ಶೀರ್ಷಿಕೆ, ಪ್ಯಾರಾ, ಪಟ್ಟಿ ಎಂದು ಬಿಡಿಸಿ ಮಧ್ಯಂತರ ರಚನೆಯೊಂದರಲ್ಲಿ ಇಡುತ್ತದೆ. ಅಲ್ಲಿಂದ ಬೇಕಾದ ರೂಪಕ್ಕೆ ಬರೆಯುತ್ತದೆ. ಆಗ ಓದುವ 10, ಬರೆಯುವ 20, ಒಟ್ಟು 30 ಭಾಗಗಳು ಸಾಕು. ಹೀಗೆ ಓದಿ ಬಿಡಿಸುವ ಭಾಗವೇ ಪಾರ್ಸರ್.

ಶೀರ್ಷಿಕೆಗಳನ್ನು ಗುರುತಿಸುವುದು ಸುಲಭ. ಖಗೋಳವಿಜ್ಞಾನಿ ಕಾರ್ಸ್ಟನ್ ಡೊಮಿನಿಕ್ 2003ರಲ್ಲಿ ಆರಂಭಿಸಿದ ಆರ್ಗ್ ಪದ್ಧತಿಯಲ್ಲಿ ಸಾಲಿನ ಮೊದಲಿಗೆ ಎಷ್ಟು ನಕ್ಷತ್ರ ಚಿಹ್ನೆಗಳಿವೆಯೋ ಅದೇ ಶೀರ್ಷಿಕೆಯ ಮಟ್ಟ. ಜಾನ್ ಗ್ರೂಬರ್ 2004ರಲ್ಲಿ ಪ್ರಕಟಿಸಿದ ಮಾರ್ಕ್‌ಡೌನ್‌ನಲ್ಲಿ # ಚಿಹ್ನೆ ಇದೇ ಕೆಲಸ ಮಾಡುತ್ತದೆ. ಪಾರ್ಸರ್ ಚಿಹ್ನೆಗಳನ್ನು ಎಣಿಸಿದರಾಯಿತು.

ತೊಡಕಿರುವುದು ಪಟ್ಟಿಗಳಲ್ಲಿ. ಉಪಪಟ್ಟಿಗೆ ಎಷ್ಟು ಖಾಲಿ ಜಾಗ ಬಿಡಬೇಕೆಂಬುದನ್ನು ಗ್ರೂಬರ್ ಅವರ ವಿವರಣೆ ಸ್ಪಷ್ಟಪಡಿಸಿರಲಿಲ್ಲ. ಹೀಗಾಗಿ ಒಂದೇ ಕಡತವನ್ನು ಬೇರೆ ಬೇರೆ ತಂತ್ರಾಂಶಗಳು ಬೇರೆ ಬೇರೆಯಾಗಿ ಓದತೊಡಗಿದವು. ಈ ಗೊಂದಲ ನಿವಾರಿಸಲು ಮ್ಯಾಕ್‌ಫಾರ್ಲೇನ್ ಮತ್ತಿತರರು 2014ರಲ್ಲಿ ಕಾಮನ್‌ಮಾರ್ಕ್ ಎಂಬ ನಿಖರ ನಿಯಮಾವಳಿಯನ್ನು ಹೊರತಂದರು. ಆದರೆ ಅದರಲ್ಲಿಯೂ ಪಟ್ಟಿಯ ಕ್ರಮಾಂಕವೆಂದರೆ 0ಯಿಂದ 9ರವರೆಗಿನ ಅಂಕಿಗಳು ಮಾತ್ರ. ಪ್ಯಾನ್‌ಡಾಕ್ ತನ್ನದೇ ಮಾರ್ಕ್‌ಡೌನ್‌ನಲ್ಲಿ ಇಂಗ್ಲಿಷ್ ಅಕ್ಷರಗಳನ್ನೂ ರೋಮನ್ ಅಂಕಿಗಳನ್ನೂ ಒಪ್ಪುತ್ತದೆ. ಕನ್ನಡ ಅಂಕಿಗಳನ್ನು ಒಪ್ಪುವುದಿಲ್ಲ.

ಪರಿಣಾಮವೇನು? ಪ್ರಶ್ನೆಪತ್ರಿಕೆಯೊಂದರಲ್ಲಿ ೧., ೨., ೩. ಎಂದು ಸಾಲುಸಾಲಾಗಿ ಬರೆದ ಪ್ರಶ್ನೆಗಳು ಒಂದೇ ಪ್ಯಾರಾದಲ್ಲಿ ಕೂಡಿಕೊಳ್ಳುತ್ತವೆ. ಇದಕ್ಕೆ ವಿರುದ್ಧವಾಗಿ, "1956. ಆ ವರ್ಷ..." ಎಂದು ಪ್ಯಾರಾ ಆರಂಭಿಸಿದರೆ 1956ರಿಂದ ಶುರುವಾಗುವ ಪಟ್ಟಿಯೊಂದು ಹುಟ್ಟಿಕೊಳ್ಳುತ್ತದೆ! ಎರಡೂ ಸಂದರ್ಭಗಳಲ್ಲಿ ದೋಷಸೂಚನೆ ಬರುವುದಿಲ್ಲ. ಸಿ ಭಾಷೆಯಲ್ಲಿ ಒಂದು ಅರ್ಧವಿರಾಮ ಬಿಟ್ಟುಹೋದರೂ ಕಂಪೈಲರ್ ಸಾಲಿನ ಸಂಖ್ಯೆ ಸಮೇತ ಎಚ್ಚರಿಸುತ್ತದೆ. ಮಾರ್ಕ್‌ಡೌನ್‌ನಲ್ಲಿ ತಪ್ಪು ರಚನೆ ಎಂಬುದೇ ಇಲ್ಲ. ಗುರುತು ಸಿಗದದ್ದೆಲ್ಲ ಸಾದಾ ಪ್ಯಾರಾ. ಬರೆಯುವವರಿಗೆ ಇದು ಅನುಕೂಲ. ಆದರೆ ಪರಿವರ್ತನೆಯ ಕೆಲಸದಲ್ಲಿ, ಮೌನವಾಗಿ ಆಗುವ ತಪ್ಪು ಎದುರಿಗೇ ಕಾಣುವ ತಪ್ಪಿಗಿಂತ ಅಪಾಯಕಾರಿ. ಮುದ್ರಣವಾದ ಮೇಲಷ್ಟೇ ಅದು ಕಣ್ಣಿಗೆ ಬೀಳಬಹುದು.

ಈ ಕೊರತೆ ಅನಿವಾರ್ಯವೇನಲ್ಲ. ಕನ್ನಡದ ಪ್ರತಿ ಅಂಕಿಯೂ ದಶಮಾಂಶ ಅಂಕಿಯೆಂದೂ ಅದರ ಬೆಲೆ ಇಷ್ಟೆಂದೂ ಯೂನಿಕೋಡ್ ಕೋಷ್ಟಕವೇ ತಿಳಿಸುತ್ತದೆ. ಅಂತರಜಾಲ ಪುಟಗಳ ಸಿಎಸ್‌ಎಸ್ ಭಾಷೆಯಲ್ಲಿ ಪಟ್ಟಿಗೆ ಕನ್ನಡ ಅಂಕಿ ಹಾಕುವ ಸೌಲಭ್ಯವೂ ಇದೆ. ಬರೆಯುವ ಕಡೆ ಸಾಧ್ಯವಿರುವುದನ್ನು ಓದುವ ಕಡೆ ಕೈಬಿಡಲಾಗಿದೆ, ಅಷ್ಟೆ.

ಸದ್ಯಕ್ಕೆ ಮೂಲ ಕಡತದಲ್ಲಿ 1, 2, 3 ಎಂದೇ ಬರೆದು, ಅಂತರಜಾಲ ಪುಟದಲ್ಲಿ ಸಿಎಸ್‌ಎಸ್ ಮೂಲಕ ಕನ್ನಡ ಅಂಕಿಗಳನ್ನು ಪಡೆಯುವುದು ಸುರಕ್ಷಿತ. ಪಾರ್ಸರ್ ರಚನೆ ಕಲಿಯುತ್ತಿರುವ ವಿದ್ಯಾರ್ಥಿಗಳು ಇನ್ನೊಂದು ಹೆಜ್ಜೆ ಇಡಬಹುದು: ಕಡತವನ್ನು ಮೊದಲೇ ಓದಿ, ಕನ್ನಡ ಅಂಕಿಯಿಂದ ಆರಂಭವಾಗುವ ಸಾಲುಗಳನ್ನು ಹುಡುಕಿ ಎಚ್ಚರಿಸುವ ಪುಟ್ಟ ಪ್ರೋಗ್ರಾಮನ್ನು ಬರೆಯಬಹುದು. ತಿಳಿಯದಿದ್ದಾಗ ತಿಳಿಯಲಿಲ್ಲ ಎನ್ನುವುದು ಪಾರ್ಸರಿಗೂ ಒಳ್ಳೆಯ ಗುಣವೇ.