ದೃಶ್ಯಮಾಧ್ಯಮ ಮತ್ತು ಸಹಭಾಗಿ ಸಂಶೋಧನೆ: ಕಾಡುಗೊಲ್ಲರ ಹಟ್ಟಿಗಳ ಹಿನ್ನೆಲೆಯಲ್ಲಿ

ಕನ್ನಡ ಜಾನಪದ ಅಧ್ಯಯನದಲ್ಲಿ ಕ್ಷೇತ್ರಕಾರ್ಯದ ಸಲಕರಣೆಗಳು ಬದಲಾದಂತೆಲ್ಲ ಸಂಗ್ರಹದ ಸ್ವರೂಪವೂ ಬದಲಾಗುತ್ತ ಬಂದಿದೆ. ಬರಹವೊಂದೇ ಸಾಧನವಾಗಿದ್ದ ಕಾಲದಲ್ಲಿ ಹಾಡಿನ ಸಾಹಿತ್ಯವೇ ಪ್ರಧಾನವಾಗಿತ್ತು. ಧ್ವನಿಮುದ್ರಣ ಬಂದ ಮೇಲೆ ಧಾಟಿಗೂ, ವಿಡಿಯೊ ಬಂದ ಮೇಲೆ ಪ್ರದರ್ಶನದ ಒಟ್ಟು ಸಂದರ್ಭಕ್ಕೂ ಮಹತ್ವ ದೊರೆಯಿತು. ಇದೀಗ ಕ್ಯಾಮೆರಾವನ್ನು ಸಮುದಾಯದ ಕೈಗೇ ಒಪ್ಪಿಸಿದರೆ ಸಂಶೋಧನೆ ತಾನಾಗಿಯೇ ಸಹಭಾಗಿಯಾಗುತ್ತದೆ ಎಂಬ ನಂಬಿಕೆ ಬೆಳೆದಿದೆ. ಈ ನಂಬಿಕೆಯನ್ನು ಪರಿಶೀಲಿಸುವ ಅಗತ್ಯವಿದೆ.

ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿ ಹೋಬಳಿ ಹಾಗೂ ಅದಕ್ಕೆ ಹೊಂದಿಕೊಂಡ ಶಿರಾ, ಚಳ್ಳಕೆರೆ ಸೀಮೆ ಕಾಡುಗೊಲ್ಲರ ನೆಲೆ. ಮುಳ್ಳುಬೇಲಿಯ ಹಟ್ಟಿ, ಜುಂಜಪ್ಪ, ಎತ್ತಪ್ಪ, ಕ್ಯಾತಪ್ಪರಂಥ ಸಾಂಸ್ಕೃತಿಕ ವೀರರ ಆರಾಧನೆ ಈ ಸಮುದಾಯದ ಗುರುತುಗಳು. ತೀ.ನಂ. ಶಂಕರನಾರಾಯಣ ಅವರು ಕಾಡುಗೊಲ್ಲರ ಸಂಪ್ರದಾಯ ಮತ್ತು ನಂಬಿಕೆಗಳನ್ನು ವಿಸ್ತಾರವಾಗಿ ಅಧ್ಯಯನ ಮಾಡಿದ್ದಾರೆ. ಜುಂಜಪ್ಪನ ಕಾವ್ಯವನ್ನು ಹಾಡುವ ಗಣೆಗಾರನು ನೀಳವಾದ ಬಿದಿರಿನ ಗಣೆಯನ್ನು ಊದುತ್ತಾನೆ, ನಿಲ್ಲಿಸಿ ಹಾಡುತ್ತಾನೆ, ಮತ್ತೆ ಊದುತ್ತಾನೆ. ಉಸಿರಿನ ಈ ವಿನಿಮಯವಾಗಲಿ ಕೇಳುಗರ ಪ್ರತಿಕ್ರಿಯೆಯಾಗಲಿ ಅಚ್ಚಾದ ಪಠ್ಯದಲ್ಲಿ ಉಳಿಯುವುದಿಲ್ಲ. ಈ ಮಟ್ಟಿಗೆ ದೃಶ್ಯಮಾಧ್ಯಮದ ಉಪಯುಕ್ತತೆ ನಿರ್ವಿವಾದ.

ಆದರೆ ಮಾಧ್ಯಮವು ತಾನು ದಾಖಲಿಸುವುದನ್ನು ತಾನೇ ರೂಪಿಸಲೂ ಬಲ್ಲದು. ತುಳುನಾಡಿನ ಗೋಪಾಲ ನಾಯ್ಕರು ಆಕಾಶವಾಣಿಯ ಅವಧಿಗೆ ತಕ್ಕಂತೆ ಅರ್ಧ ಗಂಟೆಯೊಳಗೆ ಮುಗಿಸುತ್ತಿದ್ದ ಕೋಟಿ ಚೆನ್ನಯರ ಕಥನ, ಕಾಲಮಿತಿ ಇಲ್ಲದಾಗ ಹದಿನೈದು ಗಂಟೆಗಳಿಗೂ ಮೀರಿ ಬೆಳೆಯಿತು. ಫಿನ್ಲೆಂಡಿನ ಲೌರಿ ಹೊಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಅವರೊಂದಿಗೆ 1990ರಲ್ಲಿ ಅವರಿಂದಲೇ ದಾಖಲಿಸಿದ ಸಿರಿ ಕಾವ್ಯ 15,683 ಸಾಲುಗಳಷ್ಟಾಗಿ 1998ರಲ್ಲಿ ಪ್ರಕಟವಾಯಿತು. ಸಹಭಾಗಿತ್ವ ಇಲ್ಲಿ ಫಲ ಕೊಟ್ಟದ್ದು ಯಂತ್ರದ ಬಲದಿಂದಲ್ಲ, ಕಥನದ ಅಳತೆಯನ್ನು ಕಲಾವಿದನಿಗೇ ಬಿಟ್ಟಿದ್ದರಿಂದ.

ಈ ಅಳತೆಗೋಲನ್ನು ಚಳ್ಳಕೆರೆ ತಾಲ್ಲೂಕಿನ ಪುರ್ಲಹಳ್ಳಿ ಬಳಿ ನಡೆಯುವ ಕ್ಯಾತಪ್ಪನ ಜಾತ್ರೆಗೆ ಅನ್ವಯಿಸಬಹುದು. ಬಾರೆಮುಳ್ಳಿನ ಗುಡಿಯನ್ನು ಬರಿಗಾಲಲ್ಲಿ ಏರಿ ಕಳಸ ಕೀಳುವ ಕೆಲವು ಕ್ಷಣಗಳು ಪತ್ರಿಕೆಗಳಲ್ಲೂ ಮೊಬೈಲುಗಳಲ್ಲೂ ಹರಿದಾಡುತ್ತವೆ. ಮುಳ್ಳು ತರುವ ವ್ರತ, ಗುಡಿ ಕಟ್ಟುವ ಕೆಲಸ, ಅದರ ಸುತ್ತಲಿನ ಹಕ್ಕುಬಾಧ್ಯತೆಗಳು ಚೌಕಟ್ಟಿನ ಹೊರಗೇ ಉಳಿಯುತ್ತವೆ. ಪರಿಣಾಮವಾಗಿ ಒಂದು ಸಾಮುದಾಯಿಕ ವ್ಯವಸ್ಥೆ ಬರಿಯ ಸಾಹಸವಾಗಿ ಕುಗ್ಗುತ್ತದೆ. ಚಿತ್ರಿಸಿದವರು ಹಟ್ಟಿಯ ಹುಡುಗರೇ ಆಗಿದ್ದರೂ ಈ ಕುಗ್ಗುವಿಕೆ ತಪ್ಪುವುದಿಲ್ಲ. ಎಲ್ಲಿಂದ ಆರಂಭಿಸಬೇಕು, ಯಾವುದನ್ನು ಕತ್ತರಿಸಬೇಕು ಎಂಬ ನಿರ್ಣಯ ನೋಡುಗರ ಕುತೂಹಲಕ್ಕೆ ಒಳಪಟ್ಟಿರುವುದೇ ಇದಕ್ಕೆ ಕಾರಣ.

ಇದಕ್ಕಿಂತ ಜಟಿಲವಾದುದು ‘ಸಮುದಾಯದ ಒಪ್ಪಿಗೆ’ ಎಂಬ ಪರಿಕಲ್ಪನೆ. ಮುಟ್ಟು ಮತ್ತು ಬಾಣಂತನದ ದಿನಗಳಲ್ಲಿ ಹೆಣ್ಣುಮಕ್ಕಳು ಹಟ್ಟಿಯ ಹೊರಗೆ ಉಳಿಯುವ ಪದ್ಧತಿ ಅನೇಕ ಬಾರಿ ಕ್ಯಾಮೆರಾಕ್ಕೆ ಸಿಕ್ಕಿದೆ. ಆ ಗುಡಿಸಲಿನ ಒಂದು ಚಿತ್ರ ದೂರದರ್ಶನ ವಾಹಿನಿಗೆ ಮೌಢ್ಯದ ದೃಶ್ಯ. ಪರಿಶಿಷ್ಟ ಪಂಗಡದ ಸ್ಥಾನಮಾನ ಕೇಳುವವರಿಗೆ ಬುಡಕಟ್ಟು ಲಕ್ಷಣದ ಪುರಾವೆ. ಮುಟ್ಟಾದ ಮಹಿಳೆಯರನ್ನು ಒತ್ತಾಯದಿಂದ ಪ್ರತ್ಯೇಕಿಸುವುದನ್ನು ಅಪರಾಧವೆಂದು ಸಾರಿದ 2017ರ ಮೌಢ್ಯ ನಿಷೇಧ ಕಾಯ್ದೆಯಡಿ ಅದೇ ಚಿತ್ರ ಆ ಕುಟುಂಬದ ವಿರುದ್ಧ ಸಾಕ್ಷ್ಯವೂ ಆಗಬಲ್ಲದು. ಆದರೆ ಗುಡಿಸಲಿನೊಳಗೆ ಕುಳಿತವಳಿಗೆ ಅದು ಏನು? ಹಟ್ಟಿಯ ಯಜಮಾನರೋ ಪೂಜಾರಿಯೋ ಕೊಟ್ಟ ಅನುಮತಿ ಅವಳ ಅನುಮತಿಯಲ್ಲ. ಪದ್ಧತಿಯನ್ನು ಬಿಡಬಯಸುವ ಮಗಳಿಗೂ ಅದನ್ನು ದೇವರ ಕಟ್ಟಳೆಯೆಂದು ನಂಬಿದ ಅತ್ತೆಗೂ ಒಂದೇ ‘ಸಮುದಾಯದ ದನಿ’ ಇದೆಯೆಂದು ಭಾವಿಸುವ ಸಹಭಾಗಿ ಸಂಶೋಧನೆ, ಇರುವ ಅಧಿಕಾರವನ್ನೇ ಹೊಸ ಯಂತ್ರದಿಂದ ಮುದ್ರಿಸಿದಂತಾಗುತ್ತದೆ.

ಡಿಜಿಟಲ್ ಸ್ವರೂಪ ಈ ಸಮಸ್ಯೆಯನ್ನು ತೀವ್ರಗೊಳಿಸಿದೆ. ಹಳೆಯ ಟೇಪುಗಳು ವಿಶ್ವವಿದ್ಯಾಲಯದ ಕಪಾಟಿನಲ್ಲಿ ಉಳಿದು ಹಾಡಿದವರ ಮೊಮ್ಮಕ್ಕಳಿಗೆ ದೂರವಾದವು. ಇಂದಿನ ಕಡತಗಳು ಎಲ್ಲರಿಗೂ ಸಿಕ್ಕು ಯಾರ ಹಿಡಿತಕ್ಕೂ ಸಿಗದಾಗಿವೆ. ಆದುದರಿಂದ ದಾಖಲೆಯ ಪ್ರತಿ ಹಟ್ಟಿಗೆ ಮರಳುವುದು, ಅದನ್ನು ಎಲ್ಲರೆದುರು, ಹೆಂಗಸರಿಗೆ ಪ್ರತ್ಯೇಕವಾಗಿಯೂ, ತೋರಿಸಿ ಅವರ ವಿವರಣೆಯನ್ನು ದಾಖಲೆಯ ಭಾಗವಾಗಿಸುವುದು, ಸಾರ್ವಜನಿಕ ಬಳಕೆಗೆ ಸಲ್ಲುವುದನ್ನೂ ಸಲ್ಲದ್ದನ್ನೂ ಬೇರ್ಪಡಿಸುವುದು, ಕೊಟ್ಟ ಅನುಮತಿಯನ್ನು ಹಿಂಪಡೆಯುವ ಹಕ್ಕನ್ನು ಮಾನ್ಯ ಮಾಡುವುದು ಸಂಶೋಧನಾ ವಿಧಾನದ ಅಂಗಗಳಾಗಬೇಕು. ಗ್ರಂಥಾಲಯ ಮತ್ತು ಸಂಗ್ರಹಾಲಯಗಳು ದಾಖಲೆಯೊಡನೆ ಈ ನಿಬಂಧನೆಗಳನ್ನೂ ಕಾಪಾಡಬೇಕಾಗುತ್ತದೆ.

ಒಟ್ಟಿನಲ್ಲಿ, ಕ್ಯಾಮೆರಾ ಯಾರ ಕೈಯಲ್ಲಿದೆ ಎಂಬುದು ಸಹಭಾಗಿತ್ವದ ಮೊದಲ ಪ್ರಶ್ನೆ ಮಾತ್ರ. ಚಿತ್ರಿಸಬೇಡಿ ಎನ್ನುವ ಮಾತಿಗೆ ಅಲ್ಲಿ ಬೆಲೆಯಿದೆಯೇ, ಆ ಮಾತನ್ನು ಹಟ್ಟಿಯ ಅತ್ಯಂತ ದುರ್ಬಲ ವ್ಯಕ್ತಿಯೂ ಆಡಬಲ್ಲಳೇ ಎಂಬುದೇ ಅದರ ನಿಜವಾದ ಪರೀಕ್ಷೆ.