ಇನ್ಸ್‌ಪೆಕ್ಟರ್ ಸಿಂಗ್ ಸಾಯಲೇಬೇಕಿತ್ತೇ?

ಠಾಣೆ ಸ್ಟೇಷನ್ನಿನಲ್ಲಿ ಇಳಿದು ಐರೋಳಿಯ ಗಾಡಿ ಹಿಡಿಯುವ ಮಧ್ಯೆ ನಮಗೆ ಏಳೆಂಟು ನಿಮಿಷ ಸಿಗುತ್ತದೆ. ಅಷ್ಟರಲ್ಲಿ ನನ್ನ ತಂಡದ ಹುಡುಗರು ಜಗಳವಾಡುವುದು ಸಂಬಳದ ಬಗ್ಗೆ, ಕ್ರಿಕೆಟ್ಟಿನ ಬಗ್ಗೆ ಎಂದು ನೀವು ಅಂದುಕೊಂಡರೆ ತಪ್ಪು. 2023ರ ಜೂನ್‌ನಲ್ಲಿ ಹೊತ್ತಿಕೊಂಡ ಒಂದು ಜಗಳ ಇನ್ನೂ ಆರಿಲ್ಲ. ಇನ್ಸ್‌ಪೆಕ್ಟರ್ ಸಿಂಗ್ ಸಾಯಬೇಕಿತ್ತೋ, ಬೇಡವಾಗಿತ್ತೋ? ಆ ಇನ್ಸ್‌ಪೆಕ್ಟರ್ ಇರುವುದು ಮುಂಬೈಯಲ್ಲೂ ಅಲ್ಲ, ಮುಂಬಟ್ಟನ್‌ನಲ್ಲಿ. ಮುಂಬೈ ಮತ್ತು ಮ್ಯಾನ್‌ಹಟನ್ ಎರಡನ್ನೂ ಮಿಕ್ಸಿಗೆ ಹಾಕಿ ತಿರುವಿದ ಊರು ಅದು.

ಸಿನಿಮಾ ನೋಡದವರಿಗೆ ಎರಡು ಮಾತು. ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದ ಸ್ಪೈಡರ್-ವರ್ಸ್’ ನಮ್ಮ ದೇಶದಲ್ಲಿ 10 ಭಾಷೆಗಳಲ್ಲಿ ಬಂತು, ಕನ್ನಡವೂ ಅದರಲ್ಲೊಂದು. ಡೊಂಬಿವಲಿ ಕಡೆ ನನಗೆ ಕನ್ನಡದ ಶೋ ಸಿಗದೆ ಮಗನ ಜೊತೆ ಇಂಗ್ಲಿಷಿನಲ್ಲೇ ನೋಡಿದೆ. ಇದರಲ್ಲಿ ಲೋಕ ಒಂದಲ್ಲ, ಲೆಕ್ಕವಿಲ್ಲದಷ್ಟು. ಒಂದೊಂದರಲ್ಲೂ ಒಬ್ಬೊಬ್ಬ ಜೇಡಮಾನವ. ಮುಂಬಟ್ಟನ್‌ನವನು ಪವಿತ್ರ ಪ್ರಭಾಕರ್. ಅವನ ಗೆಳತಿ ಗಾಯತ್ರಿಯ ತಂದೆಯೇ ಈ ಸಿಂಗ್. ಕಟ್ಟಡ ಕುಸಿಯುವಾಗ ಒಂದು ಮಗುವನ್ನು ಉಳಿಸಲು ಹೋದ ಸಿಂಗ್ ಅವಶೇಷದಡಿ ಸಿಕ್ಕಿ ಸಾಯಬೇಕು, ಅಷ್ಟರಲ್ಲಿ ಬೇರೆ ಲೋಕದಿಂದ ಬಂದ ಮೈಲ್ಸ್ ಎಂಬ ಹುಡುಗ ಅವರನ್ನು ಉಳಿಸಿಬಿಡುತ್ತಾನೆ. ಸ್ವಲ್ಪ ಹೊತ್ತಿನಲ್ಲೇ ಊರಿನ ನಡುವೆ ಕಪ್ಪು ಕುಳಿ ಬಾಯಿ ತೆರೆಯುತ್ತದೆ. ಆಗ ಎಲ್ಲ ಜೇಡಮಾನವರ ಯಜಮಾನನಂತಿರುವ ಮಿಗೆಲ್ ಒಹಾರಾ ವಿವರಿಸುತ್ತಾನೆ: ಪ್ರತಿ ಜೇಡಮಾನವನ ಬಾಳಿನಲ್ಲೂ ಕೆಲವು ಘಟನೆಗಳು ಆಗಲೇಬೇಕು, ಆತ್ಮೀಯ ಪೊಲೀಸ್ ಅಧಿಕಾರಿಯೊಬ್ಬರ ಸಾವು ಅವುಗಳಲ್ಲೊಂದು, ತಪ್ಪಿಸಿದರೆ ಆ ಲೋಕವೇ ನಾಶ. ಇದಕ್ಕೆ ಅವನಿಟ್ಟ ಹೆಸರು ‘ಕ್ಯಾನನ್ ಈವೆಂಟ್’. ಮುಂದಿನ ಸರದಿ ಮೈಲ್ಸ್‌ನ ಅಪ್ಪನದು. ಎರಡು ದಿನದಲ್ಲಿ ಅವರು ಕ್ಯಾಪ್ಟನ್ ಆಗುತ್ತಾರೆ, ಸಾಯುತ್ತಾರೆ. ಹುಡುಗ ಸುಮ್ಮನಿರಬೇಕು.

ನನ್ನ ತಂಡದ ನಾಸಿಕ್ ಹುಡುಗ ಮಿಗೆಲ್‌ನ ಪಕ್ಷ. ಒಬ್ಬರ ಜೀವವೋ, ಒಂದು ಲೋಕದ ಜೀವವೋ, ಲೆಕ್ಕ ಹಾಕಿ ಎನ್ನುತ್ತಾನೆ. ಟೆಸ್ಟಿಂಗ್ ನೋಡಿಕೊಳ್ಳುವ ಹುಡುಗಿ ಒಪ್ಪುವುದಿಲ್ಲ. ನಾನು ಅವಳ ಕಡೆ, ಅದೂ ಕಸುಬಿನ ಕಾರಣಕ್ಕೆ. ಇಪ್ಪತ್ತು ವರ್ಷಗಳಿಂದ ನಾನು ಮಾಡುತ್ತಿರುವ ಕೆಲಸದಲ್ಲಿ ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದರೆ ಬೆಳಿಗ್ಗೆ ಕಾರಣ ಬರೆದುಕೊಡಬೇಕು. ಒಂದೇ ರಾತ್ರಿ ಎರಡು ಬದಲಾವಣೆ ಮಾಡಿದ್ದರೆ ಯಾವುದರಿಂದ ಬಿತ್ತು ಎಂದು ಹೇಳಲು ಬರುವುದಿಲ್ಲ, ಒಂದನ್ನು ಹಿಂತೆಗೆದು ನೋಡಬೇಕು. ಮುಂಬಟ್ಟನ್‌ನಲ್ಲಿ ಆದದ್ದೂ ಅದೇ. ಸಿಂಗ್ ಉಳಿದದ್ದು ಒಂದು ಬದಲಾವಣೆ. ಅದಕ್ಕೆ ತುಸು ಮೊದಲು ‘ಸ್ಪಾಟ್’ ಎಂಬ ಖಳ, ಮೈತುಂಬ ತೂತುಗಳನ್ನೇ ಹೊತ್ತವನು, ಅದೇ ಊರಿನ ಯಂತ್ರವೊಂದನ್ನು ಚಾಲೂ ಮಾಡಿ ಸ್ಫೋಟಿಸಿದ್ದ. ಕುಳಿ ಬಿದ್ದದ್ದು ಯಾವುದರಿಂದ? ತೂತಿನ ಮನುಷ್ಯ ಯಂತ್ರ ಒಡೆದ ಜಾಗದಲ್ಲಿ ತೂತು ಬಿದ್ದರೆ, ಮಗುವನ್ನು ಉಳಿಸಲು ಹೋದ ಇನ್ಸ್‌ಪೆಕ್ಟರನ್ನು ಉಳಿಸಿದವನ ಮೇಲೆ ಯಾಕೆ ದೂರು?

ಮಿಗೆಲ್‌ನ ಇನ್ನೊಂದು ಸಾಕ್ಷಿ ಅವನದೇ ಕತೆ. ಬೇರೊಂದು ಲೋಕದಲ್ಲಿ ತನ್ನಂತೆಯೇ ಇದ್ದವನು ಸತ್ತಾಗ ಅವನ ಜಾಗದಲ್ಲಿ ಹೋಗಿ ಕೂತ, ಅವನ ಮಗಳಿಗೆ ಅಪ್ಪನಾದ, ಆ ಲೋಕ ಕರಗಿಹೋಯಿತು. ದುಃಖದ ಕತೆಯೇ. ಆದರೆ ಅಲ್ಲಿ ಅವನು ಯಾರನ್ನೂ ಸಾವಿನಿಂದ ಉಳಿಸಿರಲಿಲ್ಲ, ಇನ್ನೊಬ್ಬನ ಬದುಕಿನಲ್ಲಿ ಬಾಡಿಗೆಗೆ ಕೂತಿದ್ದ. ಈ ಒಂದು ಪ್ರಕರಣದಿಂದ ಎಲ್ಲ ಲೋಕಕ್ಕೂ ಕಾನೂನು ಮಾಡಿದರೆ ನಮ್ಮ ಆಫೀಸಿನ ಯಾವ ಆಡಿಟರೂ ಸಹಿ ಹಾಕುವುದಿಲ್ಲ. ಗ್ವೆನ್ ಎಂಬ ಹುಡುಗಿಯ ತಂದೆಯೂ ಪೊಲೀಸ್ ಕ್ಯಾಪ್ಟನ್, ಸಾಯಬೇಕಾದವರು. ಕೊನೆಯಲ್ಲಿ ಅವರು ಕೆಲಸಕ್ಕೇ ರಾಜೀನಾಮೆ ಕೊಡುತ್ತಾರೆ. ಲೋಕಕ್ಕೆ ಏನೂ ಆಗುವುದಿಲ್ಲ. ಇದನ್ನು ಸಿನಿಮಾದ ದೋಷ ಎನ್ನುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಯಜಮಾನನ ಮಾತು ಟೊಳ್ಳು ಎಂದು ತೋರಿಸಲು ಬರೆದವರು ಬೇಕೆಂದೇ ಬಿಟ್ಟ ಬಿರುಕು ಅದು.

ಅಷ್ಟಕ್ಕೂ ಪೊಲೀಸ್ ಅಧಿಕಾರಿ ಸಾಯಬೇಕೆಂದು ಗೊತ್ತುಮಾಡಿದವರು ಯಾರು? ಸಿನಿಮಾದಲ್ಲಿ ಆ ಸಾವಿಗೆ ‘ಎಎಸ್‌ಎಂ-90’ ಎಂಬ ಸಂಕೇತವಿದೆ. ‘ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್’ ಕಾಮಿಕ್ಸಿನ 90ನೇ ಸಂಚಿಕೆ 1970ರಲ್ಲಿ ಬಂತು. ಬರೆದವರು ಸ್ಟಾನ್ ಲೀ, ಚಿತ್ರ ಗಿಲ್ ಕೇನ್ ಅವರದು. ಅದರಲ್ಲಿ ಕ್ಯಾಪ್ಟನ್ ಸ್ಟೇಸಿ ಬೀಳುವ ಅವಶೇಷದಿಂದ ಒಂದು ಮಗುವನ್ನು ಉಳಿಸಿ ತಾನು ಸಾಯುತ್ತಾನೆ. ಅಂದರೆ ನ್ಯೂಯಾರ್ಕಿನಲ್ಲಿ ತಿಂಗಳ ಸಂಚಿಕೆ ಪ್ರೆಸ್ಸಿಗೆ ಕಳಿಸಬೇಕಾದ ಸಂಪಾದಕರು ಮಾಡಿದ ಒಂದು ನಿರ್ಧಾರ ಐವತ್ತಮೂರು ವರ್ಷದ ನಂತರ ನಮ್ಮ ಊರಿನಂಥದೇ ಊರಿನ ಸಿಂಗ್ ಒಬ್ಬರ ಹಣೆಬರಹವಾಗಿದೆ. ಈ ಸಿನಿಮಾದಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ ವಿಷಯ ಇದು, ನಮ್ಮ ಹುಡುಗರ ವಾದಗಳಲ್ಲಿ ಒಮ್ಮೆಯೂ ಬಾರದ ವಿಷಯವೂ ಇದೇ.

ಪವಿತ್ರನ ಹುಟ್ಟನ್ನೇ ನೋಡಿ. 2004ರಲ್ಲಿ ‘ಸ್ಪೈಡರ್‌ಮ್ಯಾನ್: ಇಂಡಿಯಾ’ ಎಂದು ನಾಲ್ಕು ಸಂಚಿಕೆಗಳ ಕಾಮಿಕ್ಸ್ ಬಂತು. ಗೋಥಮ್ ಸಂಸ್ಥೆಯ ಶರದ್ ದೇವರಾಜನ್, ಸುರೇಶ್ ಸೀತಾರಾಮನ್ ಮತ್ತು ಚಿತ್ರಕಾರ ಜೀವನ್ ಕಾಂಗ್ ಸೇರಿ ಕಟ್ಟಿದ್ದು. ಪೀಟರ್ ಪಾರ್ಕರ್ ಇಲ್ಲಿ ಪವಿತ್ರ ಪ್ರಭಾಕರ್, ಮೇರಿ ಜೇನ್ ಇಲ್ಲಿ ಮೀರಾ ಜೈನ್, ಬೆನ್ ಚಿಕ್ಕಪ್ಪ ಇಲ್ಲಿ ಭೀಮ್, ಮೇ ಚಿಕ್ಕಮ್ಮ ಮಾಯಾ, ನಾರ್ಮನ್ ಆಸ್ಬಾರ್ನ್ ನಳಿನ್ ಒಬೆರಾಯ್. ಮೊದಲಕ್ಷರ ಉಳಿಸಿ ಹೆಸರು ಬದಲಿಸಿದ ಈ ಪಟ್ಟಿ ನೋಡಿದರೆ ನನಗೆ ನೆನಪಾಗುವುದು ಹಳೆಯ ಪ್ರಾಜೆಕ್ಟಿನ ಕೋಡನ್ನು ನಕಲು ಮಾಡಿ ಗ್ರಾಹಕನ ಹೆಸರು ಮಾತ್ರ ಬದಲಿಸುವ ಜಾಣತನ. ಭೀಮ್ ಚಿಕ್ಕಪ್ಪ ಅಲ್ಲಿ ಸತ್ತದ್ದು, 1962ರಲ್ಲಿ ಬೆನ್ ಚಿಕ್ಕಪ್ಪ ಸತ್ತಿದ್ದರು ಎಂಬ ಕಾರಣಕ್ಕೆ. ಬದಲಿಸಿದ್ದು ಒಂದನ್ನು ಮಾತ್ರ: ಶಕ್ತಿ ಬಂದದ್ದು ವಿಕಿರಣದ ಜೇಡದಿಂದಲ್ಲ, ಒಬ್ಬ ಯೋಗಿಯಿಂದ. ಆ ಯೋಗಿಯ ವಿಷಯ ಬಿಟ್ಟುಬಿಡೋಣ. ಸಿನಿಮಾದ ಪವಿತ್ರ ಇದಕ್ಕಿಂತ ಎಷ್ಟೋ ಜೀವಂತ. ಮುಂಬಟ್ಟನ್‌ನ ಬಣ್ಣಗಳಿಗೆ ತಂಡದವರು ಹಳೆಯ ಇಂದ್ರಜಾಲ ಕಾಮಿಕ್ಸ್ ನೋಡಿ ಸ್ಫೂರ್ತಿ ಪಡೆದರಂತೆ. ಟೈಮ್ಸ್ ಆಫ್ ಇಂಡಿಯಾದವರು 1964ರಲ್ಲಿ ಇದೇ ಮುಂಬೈಯಿಂದ ಹೊರತರಲು ಶುರುಮಾಡಿದ ಮಾಲಿಕೆ ಅದು. ನಮ್ಮ ಕಾರ್ಕಳದ ಅನಂತ ಪೈ ಅಮರ ಚಿತ್ರಕಥೆಗೆ ಹೋಗುವ ಮೊದಲು ಅಲ್ಲೇ ಇದ್ದವರು ಎಂದು ಹೇಳಿದಾಗ ನಾಸಿಕ್ ಹುಡುಗ ಮೊದಲ ಸಲ ನನ್ನನ್ನು ಗೌರವದಿಂದ ನೋಡಿದ.

ಸಿನಿಮಾಕ್ಕೆ ಹೆಸರು ಕೊಟ್ಟ ‘ಸ್ಪೈಡರ್-ವರ್ಸ್’ ಕಾಮಿಕ್ಸ್ ಸರಣಿ 2014ರದು, ಡ್ಯಾನ್ ಸ್ಲಾಟ್ ಬರೆದದ್ದು. ಪವಿತ್ರ ಅದರಲ್ಲೂ ಇದ್ದಾನೆ. ಅಲ್ಲಿ ಮಾರ್ಲನ್ ಮತ್ತವನ ಮನೆಯವರು ಲೋಕದಿಂದ ಲೋಕಕ್ಕೆ ಹೋಗಿ ಜೇಡಮಾನವರನ್ನು ತಿನ್ನುತ್ತಾರೆ. ಎಲ್ಲ ಲೋಕಗಳ ಎಳೆ ಹಿಡಿದು ಕೂತ ನೇಕಾರನೊಬ್ಬನಿದ್ದಾನೆ. ಆಟೋ ಆಕ್ಟೇವಿಯಸ್ ತನ್ನ ಅಂತ್ಯ ಏನೆಂದು ತಿಳಿದು, ಅದನ್ನು ಒಪ್ಪದೆ, ನೇಕಾರನನ್ನೇ ಕೊಲ್ಲುತ್ತಾನೆ. ಮುಸುಕು ತೆಗೆದರೆ ಸತ್ತವನು ಕಾರ್ನ್, ಮಾರ್ಲನ್‌ನದೇ ಸಹೋದರ. ಅದೇ ಕಾರ್ನ್ ಜೀವಂತವಾಗಿ ಪಕ್ಕದಲ್ಲಿ ನಿಂತಿದ್ದಾನೆ! ಈಗ ಅವನು ನೇಕಾರನ ಪೀಠದಲ್ಲಿ ಕೂರುತ್ತಾನೆ, ಮುಂದೊಂದು ದಿನ ಹೀಗೇ ಸಾಯುತ್ತಾನೆ. ವಿಧಿಯನ್ನು ಕಡಿಯಲು ಹೋದವನೇ ಅದಕ್ಕೆ ಗಂಟು ಹಾಕಿದ. ಕಟ್ಟಿದ ಜಾಣ್ಮೆ ಮೆಚ್ಚಬೇಕಾದ್ದೇ, ಆದರೆ ಓದಿ ಮುಗಿಸಿದಾಗ ಉಸಿರು ಕಟ್ಟಿದಂತಾಗುತ್ತದೆ. ಸಿನಿಮಾ ಅದಕ್ಕಿಂತ ದೊಡ್ಡದಾಗುವುದು ಇಲ್ಲೇ. ಎಳೆಗಳು ಹೇಗಿವೆ ಎಂಬುದಕ್ಕಿಂತ, ಅವು ಹೀಗೇ ಇರಬೇಕೆಂದು ಹೇಳುವವನಿಗೆ ಏನು ಲಾಭ ಎಂದು ಅದು ಕೇಳುತ್ತದೆ.

ನಮಗಿದು ಹೊಸ ಪ್ರಶ್ನೆ ಅಲ್ಲ. ಅಧ್ಯಾತ್ಮ ರಾಮಾಯಣದಲ್ಲಿ ರಾಮ ಸೀತೆಯನ್ನು ಕಾಡಿಗೆ ಬರಬೇಡ ಎಂದಾಗ ಅವಳು ಹೂಡುವ ವಾದ ಎ.ಕೆ. ರಾಮಾನುಜನ್ ಅವರ ಪ್ರಬಂಧದಿಂದಾಗಿ ಈಗ ಪ್ರಸಿದ್ಧ: ಇಷ್ಟೊಂದು ರಾಮಾಯಣಗಳಿವೆಯಲ್ಲ, ಸೀತೆ ಕಾಡಿಗೆ ಹೋಗದ ರಾಮಾಯಣ ಎಲ್ಲಾದರೂ ಇದೆಯೇ? ಬಹುಲೋಕ, ಕ್ಯಾನನ್ ಎರಡೂ ಅಲ್ಲೇ ಇವೆ. ಆದರೆ ಮಿಗೆಲ್ ‘ಹಿಂದೆ ಹೀಗೇ ಆಗಿದೆ’ ಎನ್ನುವುದು ಇನ್ನೊಬ್ಬನ ಕಾಲು ಕಟ್ಟಲು, ಸೀತೆ ಹಾಗೆನ್ನುವುದು ತನ್ನ ಕಾಲಿನ ಕಟ್ಟು ಬಿಚ್ಚಿಕೊಳ್ಳಲು. ಇದೇ ಪ್ರಬಂಧವನ್ನು 2011ರಲ್ಲಿ ದೆಹಲಿ ವಿಶ್ವವಿದ್ಯಾಲಯ ಪಠ್ಯದಿಂದ ತೆಗೆದುಹಾಕಿತು. ಮಿಗೆಲ್‌ಗಳು ಎಲ್ಲ ಲೋಕದಲ್ಲೂ ಇದ್ದಾರೆ.

ಕನ್ನಡದಲ್ಲಿ ಈ ಜಗಳ ಇನ್ನೂ ಘನವಾಗಿ ನಡೆದಿದೆ. ಕುವೆಂಪು 1944ರ ‘ಶೂದ್ರ ತಪಸ್ವಿ’ಯಲ್ಲಿ ಶಂಬೂಕನನ್ನು ಸಾಯಲು ಬಿಡಲಿಲ್ಲ. ರಾಮನ ಬಾಣ ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಬರುತ್ತದೆ, ಅವನು ಶಂಬೂಕನಿಗೆ ತಲೆಬಾಗಿದಾಗ ಸತ್ತ ಮಗ ಬದುಕುತ್ತಾನೆ. ಹಳೆಯ ಕಥೆಯನ್ನು ಹೀಗೆ ಬದಲಿಸುವುದು ಸರಿಯಲ್ಲ ಎಂದು ಮಾಸ್ತಿ ಆಕ್ಷೇಪಿಸಿದರು, ಕುವೆಂಪು ಉತ್ತರ ಬರೆದರು. ಮಾಸ್ತಿಯವರನ್ನು ಮಿಗೆಲ್ ಎಂದರೆ ಅನ್ಯಾಯ, ಅವರದು ಕಥೆಯ ಮೇಲಿನ ಮಮತೆ. ಆದರೆ ಶಂಬೂಕ ಉಳಿದರೆ ರಾಮಾಯಣ ಕುಸಿಯುತ್ತದೆಯೇ ಎಂಬುದೇ ಅಲ್ಲಿನ ಪ್ರಶ್ನೆ. ಎಂಬತ್ತು ವರ್ಷ ಆಯಿತು, ರಾಮಾಯಣಕ್ಕೆ ಏನೂ ಆಗಿಲ್ಲ.

ಮನೆಯಲ್ಲಿ ಇದನ್ನೆಲ್ಲ ನಾನು ಸ್ವಲ್ಪ ಜಂಬದಿಂದಲೇ ಹೇಳುತ್ತಿದ್ದೆ. ಹತ್ತನೇ ಕ್ಲಾಸು ಮುಗಿಸಿದ ಮಗ ಸೈನ್ಸ್ ಬೇಡ, ಆರ್ಟ್ಸ್ ತೆಗೆದುಕೊಳ್ಳುತ್ತೇನೆ ಅಂದ ವಾರ ಅದು. ನಾನು ಹೇಳಿದ್ದು ಎಲ್ಲ ಅಪ್ಪಂದಿರೂ ಹೇಳುವುದೇ: ಕಷ್ಟ ಪಡದೆ ಏನೂ ಬರುವುದಿಲ್ಲ, ನಿನ್ನ ಅಜ್ಜ ಕುಂದಾಪುರದ ಕಡೆಯಿಂದ ಹನ್ನೆರಡನೇ ವಯಸ್ಸಿಗೆ ಬಂದು ಕೋಟೆಯ ಹೋಟೆಲಿನಲ್ಲಿ ಕಪ್ಪು ತೊಳೆದು, ರಾತ್ರಿಶಾಲೆಯಲ್ಲಿ ಓದಿ ನನ್ನನ್ನು ಎಂಟೆಕ್ ಮಾಡಿಸಿದರು, ನಾನೂ ಸುಮ್ಮನೆ ಇಲ್ಲಿಗೆ ಬಂದವನಲ್ಲ. ಮಗ ತಟ್ಟೆಯಿಂದ ತಲೆ ಎತ್ತದೆ, ‘ಅಪ್ಪ, ನೀನೇ ಮಿಗೆಲ್’ ಅಂದ.

ನನ್ನ ಅಪ್ಪಯ್ಯನಿಗೆ ಮಿಗೆಲ್ ಯಾರೆಂದು ಗೊತ್ತಿಲ್ಲ. ಮಾಟುಂಗಾ, ಮಾಹಿಮ್ ಕಡೆಯ ಸಭಾಗೃಹಗಳಲ್ಲಿ ತಾಳಮದ್ದಳೆ ಕೇಳಿ ಬೆಳೆದ ಕಿವಿ ಅವರದು. ಮಗ ಅವರಿಗೆ ಕತೆ ವಿವರಿಸಿದ. ಅವರು ಅಂದರು: ‘ವಾಲಿವಧೆ ಅಂದ ಮೇಲೆ ವಾಲಿ ಸಾಯುದೇ. ಅದು ಪ್ರಸಂಗದಲ್ಲಿ ಬರೆದಿಟ್ಟದ್ದು. ಆದರೆ ವಾಲಿಯ ಅರ್ಥಧಾರಿ ಗಟ್ಟಿಗನಾದ್ರೆ ರಾಮನಿಗೆ ಬೆವರು ಇಳಿಸಿಯೇ ಸಾಯ್ತಾನೆ. ಸಭೆ ವಾಲಿಯ ಕಡೆಗಿರ್ತದೆ.’ ಮಗ ಬಿಡಲಿಲ್ಲ. ‘ಅಜ್ಜ, ನಿಮಗೆ ಆ ಹೋಟೆಲಿನ ಕಷ್ಟ ತಪ್ಪಿಸ್ಲಿಕ್ಕೆ ಆಗ್ತಿದ್ರೆ?’ ಅಪ್ಪಯ್ಯ ಎಲೆಯಡಿಕೆಯ ಡಬ್ಬಿ ಮುಚ್ಚುತ್ತ, ‘ತಪ್ಪಿಸ್ಕೊಳ್ತಿದ್ದೆ ಮಗಾ. ಅದು ಯಾರಿಗೆ ಬೇಕಿತ್ತು?’ ಅಂದರು. ಇಷ್ಟು ವರ್ಷ ಅವರ ಕಪ್ಪು ತೊಳೆದ ಕತೆಯನ್ನು ನಾನು ಎಷ್ಟು ಮದುವೆಮನೆಗಳಲ್ಲಿ, ಎಷ್ಟು ಹೊಸಬರ ಸ್ವಾಗತ ಸಭೆಗಳಲ್ಲಿ ಹೇಳಿಲ್ಲ! ಅವರನ್ನು ಒಮ್ಮೆಯೂ ಕೇಳಿರಲಿಲ್ಲ.

ಸಿನಿಮಾದ ಮೇಲೆ ನನಗಿರುವ ತಕರಾರೂ ಇದೇ. ಮುಂಬಟ್ಟನ್‌ನಲ್ಲಿ ಸಿಂಗ್ ಉಳಿದದ್ದು ಸರಿಯೋ ತಪ್ಪೋ ಎಂದು ಮಿಗೆಲ್ ಮಾತಾಡುತ್ತಾನೆ, ಮೈಲ್ಸ್ ಮಾತಾಡುತ್ತಾನೆ, ಗ್ವೆನ್ ಮಾತಾಡುತ್ತಾಳೆ. ಊರು ಯಾರದೋ, ಗೆಳತಿ ಯಾರವಳೋ, ಆ ಪವಿತ್ರನನ್ನು ಯಾರೂ ಕೇಳುವುದಿಲ್ಲ. ತನ್ನ ಊರಿನಲ್ಲಿ ಕುಳಿ ಬಿದ್ದಿದೆ, ತನ್ನ ಗೆಳತಿಯ ಅಪ್ಪ ಬದುಕಿದ್ದಾರೆ, ಇವೆರಡರ ನಡುವೆ ನಿಂತ ಹುಡುಗನಿಗೆ ಒಂದು ಗಟ್ಟಿ ದೃಶ್ಯ ಬರೆಯಬೇಕಿತ್ತು. ಬದಲಿಗೆ ಅವನಿಗೆ ಸಿಕ್ಕಿದ್ದು ‘ಚಾಯ್ ಟೀ’ ಎನ್ನಬೇಡ ಎಂಬ ಜೋಕು. ಜೋಕು ಚೆನ್ನಾಗಿದೆ, ಥಿಯೇಟರಿಗೆ ಥಿಯೇಟರೇ ನಕ್ಕಿತು. ಕೊನೆಯಲ್ಲಿ ಅವನು ಗ್ವೆನ್ ಕಟ್ಟಿದ ತಂಡದಲ್ಲಿ ನಿಂತಿರುತ್ತಾನೆ, ಮೈಲ್ಸ್‌ನ ಪರವಾಗಿ. ಹಾಗಾದರೆ ಅವನ ಉತ್ತರ ಏನೆಂದು ಊಹಿಸಬಹುದು. ಆದರೆ ಊಹೆಗೆ ಬಿಡಬಾರದ ಜಾಗ ಅದು.

ಇದನ್ನೆಲ್ಲ ಮರುದಿನ ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ಹೇಳಿದೆ, ಸೀತೆಯ ವಾದವನ್ನೂ ಸೇರಿಸಿ. ಟೆಸ್ಟಿಂಗ್ ಹುಡುಗಿ ಸುಮ್ಮನೆ ಕೇಳಿದಳು. ಆಮೇಲೆ, ‘ಸರ್, ಎಲ್ಲ ರಾಮಾಯಣಗಳನ್ನೂ ಓದಿಕೊಂಡಿದ್ದವಳಿಗೆ ಕಾಡಿನಲ್ಲಿ ರಾವಣ ಬರ್ತಾನೆ ಅಂತಲೂ ಗೊತ್ತಿರಬೇಕಲ್ಲ? ಗೊತ್ತಿದ್ದೂ ಹೋದಳಾ? ಇಲ್ಲ, ಹೋಗುವ ಪುಟದವರೆಗೆ ಮಾತ್ರ ಓದಿದ್ದಳಾ?’ ಅಂದಳು.

ವಾಶಿ ಗಾಡಿ ಬಂತು. ಹತ್ತುವವರ ನೂಕುನುಗ್ಗಲಿನಲ್ಲಿ ಅವಳು ಹೆಂಗಸರ ಡಬ್ಬಿಗೆ ಹೋದಳು. ಐರೋಳಿಯವರೆಗೂ ನಾನು, ನಾಸಿಕ್ ಹುಡುಗ ಇಬ್ಬರೂ ಅದನ್ನೇ ಯೋಚಿಸುತ್ತ ನಿಂತಿದ್ದೆವು.