ಸತ್ಯನ್ ಕಂಡ ಮುಖಗಳು

ಛಾಯಾಚಿತ್ರ, ಭಾವಚಿತ್ರ ಎಂದು ಕನ್ನಡದಲ್ಲಿ ಎರಡು ಮಾತುಗಳಿವೆ. ಮೊದಲನೆಯದು ಬೆಳಕು ನೆರಳುಗಳ ವ್ಯವಹಾರವನ್ನಷ್ಟೆ ಹೇಳುತ್ತದೆ. ಗುಡಿ, ಗುಡ್ಡ, ದನ, ಮರ ಯಾವುದಕ್ಕಾದರೂ ಸಲ್ಲುತ್ತದೆ. ಎರಡನೆಯದು ಮನುಷ್ಯನ ಮುಖಕ್ಕೇ ಮೀಸಲು. ಯಂತ್ರದಿಂದಾಗದ ಒಂದು ಕೆಲಸವನ್ನು ಆ ಹೆಸರು ಯಂತ್ರದಿಂದ ಅಪೇಕ್ಷಿಸುತ್ತದೆ. ಆದರೆ ಬಹುಕಾಲ ನಮ್ಮ ಸ್ಟುಡಿಯೋಗಳಿಂದ ಹೊರಬಂದ ಭಾವಚಿತ್ರಗಳಲ್ಲಿ ಭಾವವೊಂದನ್ನುಳಿದು ಮಿಕ್ಕುದೆಲ್ಲ ಇರುತ್ತಿತ್ತು. ಗಜೇಂದ್ರಗಡದಂಥ ಊರಿನ ಹಳೆಯ ಮನೆಗಳ ಪಡಸಾಲೆಯಲ್ಲಿ ತೂಗುಬಿದ್ದ ಕಪ್ಪು ಬಿಳುಪಿನ ಪಟಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುರ್ಚಿಯಲ್ಲಿ ಯಜಮಾನ, ಪಕ್ಕದಲ್ಲಿ ನಿಂತ ಹೆಂಡತಿ, ನಡುವೆ ಕಾಗದದ ಹೂವಿನ ಒಂದು ಕುಂಡ, ಹಿಂದೆ ಬಟ್ಟೆಯ ಮೇಲೆ ಬರೆದ ಕಂಬ, ಮೆಟ್ಟಿಲು, ಸರೋವರ. ಬಾಗಿಲು ತೆರೆದರೆ ಕಾಣುವ ಕೋಟೆಯ ಗುಡ್ಡ ಆ ಚಿತ್ರಗಳಲ್ಲಿಲ್ಲ. ಯಾರೂ ಕಂಡಿರದ ಸರೋವರವಿದೆ! ಕಣ್ಣುಗಳು ಎದುರಿಗಿರುವ ಯಾರನ್ನೂ ನೋಡುತ್ತಿಲ್ಲ, ಮುಗಿಯುವುದನ್ನು ಕಾಯುತ್ತಿವೆ.

ಇದಕ್ಕೆ ಸ್ಟುಡಿಯೋದವನನ್ನು ಹಳಿಯುವುದು ನ್ಯಾಯವಲ್ಲ. ಅವನ ಫಲಕಗಳು ಮಂದವಾಗಿದ್ದುವು. ಕೆಲವು ಸೆಕೆಂಡುಗಳ ಕಾಲ ಮಿಸುಕದೆ ಕುಳಿತವನ ಮುಖದಲ್ಲಿ ಬಿಗುವಲ್ಲದೆ ಬೇರೇನು ಮೂಡೀತು? ಆ ಕಾಲದ ಆರ್ಥೋಕ್ರೊಮ್ಯಾಟಿಕ್ ಫಲಕಕ್ಕೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ. ಹಣೆಯ ಕುಂಕುಮ ಕಪ್ಪು ಬೊಟ್ಟಾಗುತ್ತಿತ್ತು. ನಮ್ಮ ಕಡೆಯ ಕೈಮಗ್ಗದ ಪಟ್ಟೆದಂಚಿನ ಸೀರೆಯುಟ್ಟು ಬಂದವಳ ಕೆಂಪು ಅಂಚು ಕಾಡಿಗೆ ಬಳಿದಂತೆ ಬೀಳುತ್ತಿತ್ತು. ಮುಖದ ಮೇಲಣ ಕಲೆಗಳೂ ಇದ್ದುದಕ್ಕಿಂತ ಗಾಢವಾಗಿಯೇ ತೋರುತ್ತಿದ್ದುವು. ಆಗ ಫೋಟೋಗ್ರಾಫರನು ನೆಗೆಟಿವ್ ಹಿಡಿದು, ಮೊನೆ ಮಾಡಿದ ಪೆನ್ಸಿಲಿನಿಂದ ಆ ಕಲೆಗಳನ್ನು ಒಂದೊಂದಾಗಿ ತುಂಬುತ್ತಿದ್ದ. ಆ ಕಲೆಗಳಲ್ಲಿ ಸಿಡುಬಿನವೂ ಇರುತ್ತಿದ್ದುವು. ದೇವಿ ಬಂದು ಹೋದ ಗುರುತು ಮುಖದಲ್ಲಿ ಉಳಿದರೂ ಪಟದಲ್ಲಿ ಉಳಿಯಬಾರದು. ಅದು ಮೋಸವಲ್ಲ, ಒಂದು ಬಗೆಯ ದಾಕ್ಷಿಣ್ಯ. ಈ ಪೆನ್ಸಿಲಿನ ಮಾತನ್ನು ಓದುಗರು ನೆನಪಿನಲ್ಲಿಟ್ಟಿರಬೇಕೆಂದು ಬೇಡುತ್ತೇನೆ.

ಟಿ. ಎಸ್. ಸತ್ಯನ್ (೧೯೨೩–೨೦೦೯) ಅವರ ಕೃತಿಯನ್ನು ಕುರಿತು ಬರೆಯಹೊರಟವನು ಸ್ಟುಡಿಯೋದಿಂದ ಆರಂಭಿಸಿದುದಕ್ಕೆ ಕಾರಣವಿದೆ. ಸತ್ಯನ್ ಸ್ಟುಡಿಯೋ ಇಟ್ಟವರಲ್ಲ. ಅವರು ಪತ್ರಿಕಾ ಛಾಯಾಗ್ರಾಹಕರು. ಅವರನ್ನು ಭಾವಚಿತ್ರಕಾರರೆಂದು ಕರೆದರೆ ಕೆಲವರು ಒಪ್ಪಲಾರರು. ಆದರೆ ಅವರ ಅರವತ್ತು ವರ್ಷಗಳ ದುಡಿಮೆಯಲ್ಲಿ ಇಂದು ಉಳಿದಿರುವುದು ಸುದ್ದಿಯಲ್ಲ, ಮುಖಗಳು. ಸಭೆ, ಶಂಕುಸ್ಥಾಪನೆ, ಸ್ವಾಗತ ಸಮಾರಂಭಗಳ ಚಿತ್ರ ಮರುದಿನದ ಪತ್ರಿಕೆಯೊಂದಿಗೇ ಹಳತಾಗುತ್ತದೆ. ಹಳತಾಗದೆ ನಿಂತದ್ದು ಎಳೆಯ ಮಕ್ಕಳ, ತಾಯಂದಿರ, ಮುದುಕರ, ಕೂಲಿಕಾರರ ಮುಖ. ಸ್ಟುಡಿಯೋ ಪರದೆಯನ್ನು ಕಿತ್ತು, ಕುಳಿತವನನ್ನು ಎಬ್ಬಿಸಿ ಅವನ ಅಂಗಳಕ್ಕೆ ಕರೆದೊಯ್ದವರ ಪೈಕಿ ಕನ್ನಡನಾಡಿನಲ್ಲಿ ಮೊದಲು ಹೇಳಬೇಕಾದ ಹೆಸರು ಅವರದು.

ಮೈಸೂರಿನ ದೊಡ್ಡ ಮಧ್ಯಮವರ್ಗದ ಕುಟುಂಬವೊಂದರಲ್ಲಿ ಹುಟ್ಟಿದ ಸತ್ಯನ್ ಮೈಸೂರು ವಿಶ್ವವಿದ್ಯಾನಿಲಯದ ಪದವೀಧರರು. ೧೯೪೮ರಲ್ಲಿ ಬೆಂಗಳೂರಿನಲ್ಲಿ ‘ಡೆಕ್ಕನ್ ಹೆರಾಲ್ಡ್’ ಆರಂಭವಾದಾಗ ಅದರ ಛಾಯಾಗ್ರಾಹಕರಾದರು. ಅನಂತರ ಮುಂಬಯಿಯ ‘ಇಲಸ್ಟ್ರೇಟೆಡ್ ವೀಕ್ಲಿ’. ಆಮೇಲೆ ಯಾರ ಸಂಬಳಕ್ಕೂ ಒಳಪಡದ ಸ್ವತಂತ್ರ ವೃತ್ತಿ, ದೆಹಲಿಯ ವಾಸ. ೧೯೬೧ರಲ್ಲಿ ಗೋವಾ ವಿಮೋಚನೆಯ ಚಿತ್ರಗಳನ್ನು ಅಮೆರಿಕದ ‘ಲೈಫ್’ ಪತ್ರಿಕೆಗಾಗಿ ತೆಗೆದರು. ೧೯೭೭ರಲ್ಲಿ ಪದ್ಮಶ್ರೀ ಬಂದಿತು. ಕಡೆಗೆ ಮೈಸೂರಿಗೇ ಮರಳಿದರು. ಹೀಗೆ ನಾಲ್ಕು ಸಾಲಿನಲ್ಲಿ ಮುಗಿಸಬಹುದಾದ ಜೀವನಚರಿತ್ರೆಯ ಒಳಗೆ ಕಲಾವಿದನ ಬೆಳವಣಿಗೆಯೆಂಬುದು ಎಲ್ಲಿದೆ?

ಅದನ್ನು ಸಲಕರಣೆಯಿಂದಲೇ ತಿಳಿಯತೊಡಗುವುದು ಅನುಕೂಲ. ಅವರು ವೃತ್ತಿಗೆ ಬಂದ ಕಾಲದ ಪತ್ರಿಕಾ ಛಾಯಾಗ್ರಾಹಕರ ಕೈಯಲ್ಲಿ ಸಾಮಾನ್ಯವಾಗಿ ಕಾಣುತ್ತಿದ್ದುದು ರೋಲಿಫ್ಲೆಕ್ಸ್ ಬಗೆಯ ಎರಡು ಮಸೂರದ ಕ್ಯಾಮೆರಾ. ಅದನ್ನು ಸೊಂಟದ ಮಟ್ಟದಲ್ಲಿ ಹಿಡಿದು ತಲೆ ತಗ್ಗಿಸಿ ಗಾಜಿನೊಳಗೆ ನೋಡಬೇಕು. ಎದುರಿಗಿರುವವನಿಗೆ ತನ್ನತ್ತ ಗುರಿಯಿಟ್ಟ ಕಣ್ಣು ಕಾಣುವುದಿಲ್ಲ, ಬಾಗಿದ ತಲೆ ಕಾಣುತ್ತದೆ. ಮಗುವಿನ ಎದುರು ನಿಂತರೆ ಕ್ಯಾಮೆರಾ ಮಗುವಿನ ಮುಖದ ಎತ್ತರದಲ್ಲೇ ಇರುತ್ತದೆ. ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಆದ್ದರಿಂದ ಒತ್ತುವ ಮುನ್ನ ಕಾಯಬೇಕು. ಮುಂದೆ ಮೂವತ್ತೈದು ಮಿಲಿಮೀಟರಿನ ಕ್ಯಾಮೆರಾ ಬಂದು ಮೂವತ್ತಾರು ಚಿತ್ರಗಳ ಸೌಲಭ್ಯ ಒದಗಿದಾಗ ಕಾಯುವ ಅಭ್ಯಾಸವನ್ನು ಅನೇಕರು ಬಿಟ್ಟರು. ಸತ್ಯನ್ ಬಿಡಲಿಲ್ಲವೆಂಬುದಕ್ಕೆ ಅವರ ಚಿತ್ರಗಳೇ ಸಾಕ್ಷಿ. ಅವರ ಒಳ್ಳೆಯ ಚಿತ್ರಗಳಲ್ಲಿ ಮಕ್ಕಳು ಕ್ಯಾಮೆರಾವನ್ನು ಕಂಡು ಬೆರಗಾದವರಲ್ಲ. ಕಂಡು, ಬೆರಗು ಕಳೆದು, ತಮ್ಮ ಕೆಲಸಕ್ಕೆ ಹಿಂದಿರುಗಿದವರು. ಆ ಎರಡರ ನಡುವೆ ಕಳೆದ ಹೊತ್ತು ಚಿತ್ರದಲ್ಲಿ ಕಾಣುವುದಿಲ್ಲ, ಆದರೆ ಚಿತ್ರ ನಿಂತಿರುವುದು ಅದರ ಮೇಲೆ.

ಮೈಸೂರಿಗೂ ಈ ಗುಣಕ್ಕೂ ಸಂಬಂಧವಿದೆಯೆಂದರೆ ಊರಾಭಿಮಾನದ ಮಾತೆಂದು ತಿಳಿಯಬಾರದು. ನಾನು ಆ ಊರಿನವನಲ್ಲ. ಬೆಳ್ಳಿತೆರೆಯ ಮೇಲೆ ಮುಖದ ನೆರಳನ್ನು ಕಾವ್ಯವಾಗಿಸಿದ ವಿ. ಕೆ. ಮೂರ್ತಿಯವರು ಹುಟ್ಟಿದುದು ಅದೇ ಊರಿನಲ್ಲಿ, ಅದೇ ೧೯೨೩ರಲ್ಲಿ. ಸತ್ಯನ್ ಅವರ ‘ಎಕ್ಸ್‌ಪ್ಲೋರಿಂಗ್ ಕರ್ನಾಟಕ’ (೧೯೮೧) ಗ್ರಂಥಕ್ಕೆ ಬರೆಹ ಒದಗಿಸಿದ ಎಚ್. ವೈ. ಶಾರದಾಪ್ರಸಾದರೂ ಮೈಸೂರಿನಲ್ಲಿ ಓದಿದವರು. ಆರ್. ಕೆ. ನಾರಾಯಣರಂತೂ ಸತ್ಯನ್‌ಗೆ ಆಪ್ತರು. ನಾರಾಯಣರ ಕತೆಗಳನ್ನು ಓದಿದವರಿಗೆ ಸತ್ಯನ್‌ರ ಚಿತ್ರಗಳು ಅಪರಿಚಿತವೆನಿಸುವುದಿಲ್ಲ. ದೊಡ್ಡ ಘಟನೆ ಇಲ್ಲದಿರುವುದೇ ಇಬ್ಬರಿಗೂ ಅನುಕೂಲ. ಬಡತನವನ್ನು ಕಂಡು ಇಬ್ಬರೂ ಗಟ್ಟಿಯಾಗಿ ಅಳುವುದಿಲ್ಲ. ತುಂಟತನವನ್ನು ಕಂಡು ಇಬ್ಬರೂ ಬೆತ್ತ ಹಿಡಿಯುವುದಿಲ್ಲ. ಒಂದು ವ್ಯತ್ಯಾಸವುಂಟು. ಅದನ್ನು ಮುಂದೆ ಹೇಳುತ್ತೇನೆ.

ಅರವತ್ತು ಎಪ್ಪತ್ತರ ದಶಕಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ, ಯುನಿಸೆಫ್‌ಗಾಗಿ ಸತ್ಯನ್ ಭಾರತದ ಹಳ್ಳಿಗಳನ್ನು ಸುತ್ತಿದರು. ಅವರ ಅತ್ಯುತ್ತಮ ಕೆಲಸ ಇದೇ ಎಂದು ನನ್ನ ಅಭಿಪ್ರಾಯ. ಸಿಡುಬಿನ ನಿರ್ಮೂಲನದ ಆ ಕಾಲವನ್ನು ಇಂದಿನ ತರುಣರಿಗೆ ಕತೆಯಂತೆ ಹೇಳಬೇಕು. ಕವಲುಮೊನೆಯ ಪುಟ್ಟ ಸೂಜಿಯನ್ನು ಲಸಿಕೆಯಲ್ಲಿ ಅದ್ದಿ ತೋಳಿನ ಮೇಲೆ ಹದಿನೈದು ಸಲ ಚುಚ್ಚುತ್ತಿದ್ದರು. ಆರೋಗ್ಯದ ಕೆಲಸಗಾರರು ಸಿಡುಬೆದ್ದ ಮಗುವೊಂದರ ಮುಖವನ್ನು ಅಚ್ಚುಮಾಡಿದ ಚೀಟಿಯನ್ನು ಹಿಡಿದು ಮನೆಯಿಂದ ಮನೆಗೆ ಹೋಗಿ, ಇಂಥ ಮುಖವನ್ನು ಎಲ್ಲಿಯಾದರೂ ಕಂಡಿರಾ ಎಂದು ಕೇಳುತ್ತಿದ್ದರು. ಮನುಷ್ಯನ ಮುಖದ ಪಟವೊಂದಕ್ಕೆ ಇಷ್ಟು ದೊಡ್ಡ ಹೊಣೆ ಬಿದ್ದುದು ಅಪರೂಪ. ೧೯೭೫ರ ಮೇ ತಿಂಗಳಿನ ಬಳಿಕ ಈ ದೇಶದಲ್ಲಿ ಸಿಡುಬು ಕಾಣಲಿಲ್ಲ. ೧೯೮೦ರಲ್ಲಿ ಜಗತ್ತೇ ಅದರಿಂದ ಮುಕ್ತವಾಯಿತೆಂದು ಸಾರಲಾಯಿತು. ಸ್ಟುಡಿಯೋದವನು ಪೆನ್ಸಿಲಿನಿಂದ ನೆಗೆಟಿವ್ ಮೇಲೆ ಅಳಿಸುತ್ತಿದ್ದ ಕಲೆಯನ್ನು ಸೂಜಿ ಮುಖದ ಮೇಲೆಯೇ ಇಲ್ಲದಂತೆ ಮಾಡುತ್ತಿದ್ದ ಹೊತ್ತಿನಲ್ಲಿ ಸತ್ಯನ್‌ರ ಕ್ಯಾಮೆರಾ ಪಕ್ಕದಲ್ಲಿ ನಿಂತಿತ್ತು. ತಿದ್ದದ ಮುಖವನ್ನು ತೋರಿಸುವ ಧೈರ್ಯ ಅವರಿಗೆ ಬಂದುದು ಇಂಥ ಹಳ್ಳಿಗಳ ಒಡನಾಟದಿಂದ ಎಂದು ನಾನು ನಂಬಿದ್ದೇನೆ. ೧೯೭೯ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದಂದು, ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರದಲ್ಲಿ ಅವರ ಮಕ್ಕಳ ಚಿತ್ರಗಳ ಪ್ರದರ್ಶನ ನಡೆಯಿತು.

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಬೇಕು. ಸತ್ಯನ್ ಪೆನ್ಸಿಲನ್ನು ಕೆಳಗಿಟ್ಟರು, ನಿಜ. ಆದರೆ ಅವರ ಆಯ್ಕೆಯೇ ಪೆನ್ಸಿಲಲ್ಲವೆ? ನಗುವ ಕ್ಷಣವನ್ನು ಆರಿಸಿ ಅಳುವ ಕ್ಷಣವನ್ನು ಬಿಡುವುದೂ ಒಂದು ಬಗೆಯ ತಿದ್ದುವಿಕೆಯೇ. ೨೦೦೨ರಲ್ಲಿ ಬಂದ ಅವರ ಚಿತ್ರಸಂಪುಟದ ಹೆಸರೇ ‘ಇನ್ ಲವ್ ವಿತ್ ಲೈಫ್’. ಅವರಿಗಿಂತ ಐದು ವರ್ಷ ಹಿರಿಯರಾದ ಸುನೀಲ್ ಜಾನಾ ೧೯೪೩ರ ಬಂಗಾಳದ ಕ್ಷಾಮವನ್ನು ತೆಗೆದವರು. ಆ ಚಿತ್ರಗಳನ್ನು ಒಮ್ಮೆ ನೋಡಿದವನು ಸತ್ಯನ್‌ರ ಸಂಪುಟವನ್ನು ತೆರೆದರೆ ಪುಟ ಪುಟಕ್ಕೂ ಇಷ್ಟೊಂದು ಪ್ರಸನ್ನತೆ ಎಲ್ಲಿಂದ ಬಂತು ಎಂದು ಕೇಳುವುದು ಸಹಜ. ಸತ್ಯನ್‌ರಲ್ಲಿ ಕರುಣರಸಕ್ಕೆ ಎಡೆಯಿದ್ದರೂ ಅದು ಸಂಚಾರಿಯಾಗಿ ಬಂದು ಹೋಗುತ್ತದೆ, ನೆಲೆಯೂರುವುದಿಲ್ಲ. ಅವರ ದುರ್ಬಲ ಚಿತ್ರಗಳಲ್ಲಿ, ಇಂಥವು ಇಲ್ಲದಿಲ್ಲ, ಮಗುವಿನ ನಗೆ ಸರ್ಕಾರಿ ಭಿತ್ತಿಪತ್ರದ ನಗೆಯಾಗಿಬಿಡುತ್ತದೆ.

ಆದರೂ ನಾನು ಪೂರ್ತಿಯಾಗಿ ಆಕ್ಷೇಪಣೆಯ ಪಕ್ಷಕ್ಕೆ ಹೋಗಲಾರೆ. ಹಸಿದವನನ್ನು ಹಸಿದವನೆಂದಷ್ಟೆ ತೋರಿಸುವ ಚಿತ್ರ ಅವನ ಹಸಿವಿಗೆ ನ್ಯಾಯ ಸಲ್ಲಿಸುತ್ತದೆ, ಅವನಿಗಲ್ಲ. ಹರಕು ಅಂಗಿಯ ಹುಡುಗ ಗೆಳೆಯನ ಹೆಗಲ ಮೇಲೆ ಕೈಹಾಕಿ ನಗುವಾಗ ಅಂಗಿಯೂ ಸುಳ್ಳಲ್ಲ, ನಗೆಯೂ ಸುಳ್ಳಲ್ಲ. ಸತ್ಯನ್ ಒಳ್ಳೆಯ ಚಿತ್ರಗಳಲ್ಲಿ ಅಂಗಿಯನ್ನು ಮರೆಮಾಡಿದವರಲ್ಲ. ವಿದೇಶೀ ಪತ್ರಿಕೆಗಳಿಗೆ ಭಾರತದ ಮುಖವೆಂದರೆ ಕ್ಷಾಮದ ಮುಖ ಅಥವಾ ಮಹಾರಾಜರ ಮುಖವಾಗಿದ್ದಾಗ, ಶಾಲೆಗೆ ಹೊರಟ ಸಾಧಾರಣ ಮಗುವನ್ನು ಅವರ ಮುಂದಿಟ್ಟುದು ಸಣ್ಣ ಕೆಲಸವಲ್ಲ.

ನನ್ನ ತಕರಾರು ಬೇರೆಯದು. ನಾರಾಯಣರೊಡನೆ ಇರುವ ವ್ಯತ್ಯಾಸವೆಂದು ಆಗಲೇ ಸೂಚಿಸಿದುದು ಇದನ್ನೇ. ನಾರಾಯಣರು ಎಂದೂ ಇಲ್ಲದಿದ್ದ ಹುಡುಗನಿಗೆ ಸ್ವಾಮಿನಾಥನೆಂದು ಹೆಸರಿಟ್ಟರು. ೧೯೩೫ರಿಂದ ಇಂದಿನವರೆಗೆ ಆ ಹೆಸರು ಬಾಳಿದೆ. ಸತ್ಯನ್ ನಿಜವಾಗಿಯೂ ಇದ್ದ ಹುಡುಗರನ್ನು ತೆಗೆದರು, ಅವರಿಗೆ ಹೆಸರಿಲ್ಲ. ಮಂತ್ರಿ, ಸಾಹಿತಿ, ಸಂಗೀತಗಾರರ ಚಿತ್ರದ ಕೆಳಗೆ ಹೆಸರಿರುತ್ತದೆ. ಸಾಮಾನ್ಯರ ಚಿತ್ರದ ಕೆಳಗೆ ಬಹುಮಟ್ಟಿಗೆ ಊರೋ ಪ್ರಾಂತವೋ, ಇಲ್ಲವೆ ‘ತಾಯಿ ಮತ್ತು ಮಗು’ ಎಂಬಂಥ ಒಂದು ಮಾತೋ ಇರುತ್ತದೆ. ಇದು ಸತ್ಯನ್ ಒಬ್ಬರ ತಪ್ಪಲ್ಲ. ಪತ್ರಿಕೆಗಳ ಪದ್ಧತಿಯೇ ಹಾಗೆ. ಜರ್ಮನಿಯ ಆಗಸ್ಟ್ ಸ್ಯಾಂಡರ್ ೧೯೨೯ರಲ್ಲಿ ತನ್ನ ಕಾಲದ ಅರವತ್ತು ಭಾವಚಿತ್ರಗಳನ್ನು ಪುಸ್ತಕ ಮಾಡಿದಾಗಲೂ ರೊಟ್ಟಿ ಮಾಡುವವನು, ರೈತ, ವಕೀಲ ಎಂದು ಹೆಚ್ಚಾಗಿ ಕಸುಬನ್ನೇ ಬರೆದ. ನಾಜಿಗಳಿಗೆ ಅದೂ ಸಹಿಸದೆ ೧೯೩೬ರಲ್ಲಿ ಅಚ್ಚಿನ ಫಲಕಗಳನ್ನು ನಾಶಮಾಡಿದರು.

ನಮ್ಮ ಕಾವ್ಯಮೀಮಾಂಸೆಯನ್ನು ಓದಿದವರು ಇಲ್ಲಿ ಭಟ್ಟನಾಯಕನ ಸಾಧಾರಣೀಕರಣವನ್ನು ನನ್ನ ಮುಂದೆ ಹಿಡಿಯಬಹುದು: ವ್ಯಕ್ತಿಯ ವಿಶೇಷ ಕಳಚಿದಾಗಲೇ ಅವನ ಭಾವ ಸಹೃದಯರೆಲ್ಲರದಾಗುತ್ತದೆ, ಹೆಸರಿಲ್ಲದಿರುವುದರಿಂದಲೇ ಆ ಮಗು ಎಲ್ಲರ ಮಗುವಾಯಿತು, ಎಂದು. ವಾದ ಚೆನ್ನಾಗಿದೆ. ಆದರೆ ರಾಮನ ದುಃಖ ನಮ್ಮದಾಗಬೇಕಾದರೆ ರಾಮನ ಹೆಸರನ್ನು ಅಳಿಸಬೇಕಾಗಿಲ್ಲವಲ್ಲ! ಹೆಸರಿದ್ದೂ ಎಲ್ಲರವನಾಗುವುದು ಕಾವ್ಯದ ಶಕ್ತಿ. ಹೆಸರಿನ ಮರ್ಯಾದೆ ದೊಡ್ಡವರಿಗೆ ಮಾತ್ರ, ಸಾಧಾರಣೀಕರಣ ಬಡವರಿಗೆ ಮಾತ್ರ ಎಂದಾದರೆ ಅದನ್ನು ರಸಸಿದ್ಧಾಂತವೆಂದು ಕರೆಯುವುದು ಕಷ್ಟ. ಡಿ. ವಿ. ಗುಂಡಪ್ಪನವರು ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ದಿವಾನರಿಗೊಂದು ಸಂಪುಟ ಕೊಟ್ಟಂತೆ ‘ಹೃದಯ ಸಂಪನ್ನರು’ ಎಂಬವರಿಗೂ ಒಂದು ಸಂಪುಟ ಕೊಟ್ಟರು. ಅಲ್ಲಿ ಚಿಕ್ಕವರೂ ಹೆಸರು ಹಿಡಿದೇ ಬರುತ್ತಾರೆ. ಸಣ್ಣ ಊರಿನ ಸ್ಟುಡಿಯೋದವನೂ ಈ ಒಂದು ವಿಷಯದಲ್ಲಿ ಮುಂದಿದ್ದ. ಪ್ರತಿ ಕೊಡುವಾಗ ಅದಲುಬದಲಾಗದಿರಲೆಂದು ಅವನು ಗಿರಾಕಿಯ ಹೆಸರನ್ನು ಬರೆದಿಟ್ಟುಕೊಳ್ಳಲೇಬೇಕಾಗಿತ್ತು. ಅವನ ಚಿತ್ರಗಳ ಮುಖದಲ್ಲಿ ಭಾವವಿರಲಿಲ್ಲ, ಆದರೆ ಅವು ಯಾರವೆಂಬುದು ಗೊತ್ತಿತ್ತು. ಚಿತ್ರವೂ ಆ ಮನೆಗೇ ಹೋಗಿ ಸೇರುತ್ತಿತ್ತು. ಸತ್ಯನ್‌ರ ಚಿತ್ರದಲ್ಲಿ ಭಾವ ತುಂಬಿದೆ. ನ್ಯೂಯಾರ್ಕಿನವರು ನೋಡಿದ ಆ ಮುಖವನ್ನು ಆ ಮುಖದವನೇ ನೋಡಿದನೋ ಇಲ್ಲವೋ.

ಸತ್ಯನ್ ಕನ್ನಡದಲ್ಲಿ ಬರೆದ ಆತ್ಮಕಥನದ ಹೆಸರು ‘ಕಾಲಕ್ಕೆ ಕನ್ನಡಿ’. ಇಂಗ್ಲಿಷಿನದು ೨೦೦೫ರಲ್ಲಿ ಬಂದ ‘ಅಲೈವ್ ಅಂಡ್ ಕ್ಲಿಕ್ಕಿಂಗ್’. ಅವರನ್ನು ಕುರಿತ ಲೇಖನಗಳು ಹೆಚ್ಚಾಗಿ ದೊಡ್ಡವರ ಒಡನಾಟದ ಪ್ರಸಂಗಗಳನ್ನೇ ಮತ್ತೆ ಮತ್ತೆ ಹೇಳುತ್ತವೆ. ಆಗಬೇಕಾದ ಕೆಲಸ ಇನ್ನೊಂದಿದೆ. ೧೯೭೯ಕ್ಕೆ ಮುಂಚೆ ಅವರ ಕ್ಯಾಮೆರಾ ಕಂಡ ಮಕ್ಕಳು ಈಗ ಐವತ್ತು ಅರವತ್ತನ್ನು ದಾಟಿದವರು. ತೋಳಿನ ಮೇಲೆ ಸಿಡುಬಿನ ಲಸಿಕೆಯ ಕಲೆಯುಳ್ಳ ಕೊನೆಯ ತಲೆಮಾರು ಅದು. ಊರಿನ ಹೆಸರಾದರೂ ಉಳಿದಿರುವ ಚಿತ್ರಗಳನ್ನು ಆಯ್ದು, ಆಯಾ ಜಿಲ್ಲೆಯ ಪತ್ರಿಕೆಗಳಲ್ಲಿ ವಾರಕ್ಕೊಂದರಂತೆ ಅಚ್ಚುಮಾಡಿ, ಇವರು ಯಾರೆಂದು ಬಲ್ಲಿರಾ ಎಂದು ಕೇಳಬಹುದು. ಕೆಲವಕ್ಕೆ ಉತ್ತರ ಬಾರದು. ಬಂದ ಹೆಸರುಗಳನ್ನು ಮುಂದಿನ ಮುದ್ರಣದಲ್ಲಿ ಚಿತ್ರದ ಕೆಳಗೆ ಹಾಕಬೇಕು. ಒಂದು ಪ್ರತಿಯನ್ನು ಆ ಮನೆಗೆ ಕಳಿಸಬೇಕು.